ಸಿದ್ದಲಕ್ಷ್ಮಮ್ಮನ ಅಲಸಂದೆ

ಬೆಳ್ಳಾವಿಯ ಭೀಮರಾಜನಿಗೆ ಪಕ್ಕದ ಮನೆ ಸಿದ್ದಲಕ್ಷ್ಮಮ್ಮನ ಅಲಸಂದೆ ಕಂಡರೆ ಹೊಟ್ಟೆಯುರಿ. ಅವನ ಅಪ್ಪನ ಕಾಲದಲ್ಲಿ ಬಿತ್ತನೆ ಬೀಜಕ್ಕೆ ಊರೆಲ್ಲ ಅವನ ಬಾಗಿಲಿಗೇ ಬರುತ್ತಿತ್ತು. ಈಗ ಅವನ ಕಾಳನ್ನು ಎರಡೇ ತಿಂಗಳಲ್ಲಿ ಹುಳ ತಿಂದು ಜರಡಿ ಮಾಡುತ್ತಿತ್ತು; ಅವಳ ಕಾಳು ವರ್ಷವಾದರೂ ಮುಕ್ಕಾಗುತ್ತಿರಲಿಲ್ಲ. ಜನ ತನ್ನ ಬಾಗಿಲು ದಾಟಿ ಅವಳ ಜಗಲಿ ಹತ್ತುವುದನ್ನು ನೋಡಿದರೆ ಭೀಮರಾಜನಿಗೆ ತಿಂದ ಮುದ್ದೆ ಅರಗುತ್ತಿರಲಿಲ್ಲ.

ಗುಬ್ಬಿಯಲ್ಲಿ ಬೀಜಮೇಳ, ಹುಳ ಮುಟ್ಟದ ಬೀಜಕ್ಕೆ ಬಹುಮಾನ ಎಂದು ತಿಂಗಳ ಹಿಂದೆ ಗೊತ್ತಾದಾಗ ಅವನು ಸುಮ್ಮನಿರಲಿಲ್ಲ. ಹೆಪ್ಪು ಕೇಳುವ ನೆಪದಲ್ಲಿ ಅವಳ ಮನೆಗೆ ಹೋದ. ಅವಳು ಅಡುಗೆಮನೆಗೆ ಹೋದದ್ದೇ ತಡ, ತನ್ನ ಮನೆಯ ಹುಳಗಳನ್ನು ಅವಳು ಮೇಳಕ್ಕೆಂದು ಎತ್ತಿಟ್ಟಿದ್ದ ಬೀಜದ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿ, ಹೆಪ್ಪು ಇಸಿದುಕೊಂಡು ಬಂದ.

ಇವತ್ತು ಮೇಳ. ಬಸ್ಸಿನಲ್ಲಿ ಆ ಡಬ್ಬಿಯನ್ನು ಅವನೇ ತೊಡೆಯ ಮೇಲಿಟ್ಟುಕೊಂಡು ಮತ್ತೆ ಮತ್ತೆ ಕಿವಿಗೊಡುತ್ತಿದ್ದ.

"ಏನ್ ಭೀಮಣ್ಣ, ಕಾಳು ಹಾಡ್ ಹೇಳ್ತಾವಾ?" ಎಂದ ಹಿಂದಿನ ಸೀಟಿನ ಕಾಳಂಗಡಿ ಮೆಹಬೂಬ್ ಪಾಷಾ.

"ಸಿದ್ದಲಕ್ಷ್ಮಕ್ಕಂಗೆ ವಯಸ್ಸಾಯ್ತಲ್ಲ ಸಾಬ್ರೇ, ಅದ್ಕೇ ಹಿಡ್ಕೊಂಡಿದೀನಿ."

ಮೇಳದಲ್ಲಿ ಬೀಜ ನೋಡಿ ಬಹುಮಾನ ಕೊಡಲು ಬಂದವರು ಕೃಷಿ ವಿಜ್ಞಾನಿ ಅರುಣಾ ಮೇಡಂ. ಭೀಮರಾಜ ನಾಲ್ಕು ದಿನ ಕೂತು ಆರಿಸಿದ ಕಾಳು ನೋಡಲು ಬಗ್ಗಿದರೋ ಇಲ್ಲವೋ, ಒಂದು ಹುಳ ಹಾರಿ ಅವರ ಕನ್ನಡಕದ ಮೇಲೆ ಕೂತಿತು. ಪಾಷಾ ಬಿದ್ದು ಬಿದ್ದು ನಕ್ಕ.

ಆಮೇಲೆ ಸಿದ್ದಲಕ್ಷ್ಮಮ್ಮನ ಡಬ್ಬಿ ತೆರೆದರು. ಭೀಮರಾಜ ಕತ್ತು ಚಾಚಿ ಇಣುಕಿದ. ತಳದ ತುಂಬ ಸತ್ತ ಹುಳಗಳು.

"ನೋಡಿ, ಕಾಳಿನ ಮೇಲೆ ಮೊಟ್ಟೆ ಇಟ್ಟಿವೆ, ಆದ್ರೆ ಒಂದೂ ತೂತಾಗಿಲ್ಲ!" ಮೇಡಂ ಕುಣಿದಾಡುವುದೊಂದು ಬಾಕಿ. "ಬೇಕಂತ್ಲೇ ಹುಳ ಬಿಟ್ಟು ಲ್ಯಾಬಲ್ಲಿ ನಾವು ಮಾಡೋ ಪರೀಕ್ಷೆ ಇದು. ಹುಳ ಬಿಟ್ಟೋರು ಯಾರಮ್ಮ?"

"ನಂಗೊತ್ತಿಲ್ಲ ಕಣವ್ವ. ಯಾರೋ ಪುಣ್ಯಾತ್ಮರು."

ಶಾಲು, ಹಾರ, ಮೊದಲ ಬಹುಮಾನ, ಚಪ್ಪಾಳೆ. ಭೀಮರಾಜನಿಗೆ ತಡೆಯಲಾಗಲಿಲ್ಲ. ಆ ಚಪ್ಪಾಳೆಯಲ್ಲಿ ಅರ್ಧ ತನ್ನದಲ್ಲವೇ?

"ನಾನೇ ಮೇಡಂ! ಹುಳ ಬಿಟ್ಟಿದ್ದು ನಾನೇ!"

"ಓಹೋ, ಹೆಪ್ಪಿಗ್ ಬಂದಿದ್ಯಲ್ಲ, ಅವತ್ತಾ?" ಎಂದಳು ಸಿದ್ದಲಕ್ಷ್ಮಮ್ಮ, ಸೊಂಟದ ಮೇಲೆ ಕೈಯಿಟ್ಟು.

ಮೇಡಂ ಮಾತ್ರ ಅವನ ಕೈ ಕುಲುಕಿದರು. ಬೀಜವನ್ನು ಎಲ್ಲರೂ ಹೀಗೇ ಪರೀಕ್ಷಿಸಬೇಕೆಂದು ಮೈಕಿನಲ್ಲಿ ಹೊಗಳಿದರು. ಅವನಿಗೂ ಚಪ್ಪಾಳೆ ಬಿತ್ತು. ಎಷ್ಟೋ ವರ್ಷದ ಮೇಲೆ ಅವನ ಹೊಟ್ಟೆ ತಣ್ಣಗಾಯಿತು. ಆ ಖುಷಿಗೆ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದು, ಉಳಿದವರೆಲ್ಲ ಹೋದ ಮೇಲೆ ಸಂಜೆಯ ಬಸ್ಸಿಗೆ ಊರಿಗೆ ಬಂದ.

ನೋಡಿದರೆ ಅವನ ಮನೆ ಬಾಗಿಲಿಂದ ಬೀದಿ ನಲ್ಲಿಯವರೆಗೆ ಜನ ಸಾಲುಗಟ್ಟಿ ನಿಂತಿದ್ದಾರೆ! ಭೀಮರಾಜನ ಕಣ್ಣು ತುಂಬಿ ಬಂತು.

"ಬೀಜಕ್ಕಾ? ಬನ್ನಿ, ಬನ್ನಿ, ಎಲ್ಲಾರ್ಗೂ ಕೊಡ್ತೀನಿ!"

ಸಾಲಿನ ಮುಂದಿದ್ದ ವನಜಮ್ಮ ಖಾಲಿ ಬಾಟಲಿ ಚಾಚಿದಳು.

"ಬೀಜ ಸಿದ್ದಲಕ್ಷ್ಮಕ್ಕನ ಮನೇಲಿ ಇಸ್ಕೊಂಡ್ವಿ ಭೀಮಣ್ಣ. ಬಿಟ್ಟು ನೋಡಕ್ಕೆ ನಿಮ್ಮನೇದು ನಾಕು ಹುಳ ಕೊಡು."