ಅಮಾವಾಸ್ಯೆಗೆ ಲ್ಯಾಪ್‌ಟಾಪಿನ ಸೂಟಿ

ಗದ್ದಲದ ವಿಷಯದಲ್ಲಿ ನನ್ನ ಕಿವಿ ಸ್ವಲ್ಪ ದಪ್ಪ ಚರ್ಮದ್ದು. ನೇಕಾರರ ಪೇಟೆಯಾದ ಖಾಸಬಾಗದಲ್ಲಿ ಅಪ್ಪನ ವಿದ್ಯುತ್ ಮಗ್ಗಗಳ ಪಕ್ಕದ ಖೋಲಿಯಲ್ಲಿ ಬೆಳೆದವನು ನಾನು. ನಮ್ಮ ಮನೆಯಲ್ಲಿ ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ನನ್ನ ಮದುವೆಯ ಮಾತುಕತೆಗೆ ಬಂದ ಬೀಗರು, ನಾವು ಜಗಳಕ್ಕೆ ಬಿದ್ದಿದ್ದೇವೆಂದು ತಿಳಿದು ಅರ್ಧಕ್ಕೇ ಏಳಲು ನೋಡಿದ್ದರಂತೆ. ಹಾಗಾಗಿ ನನ್ನ ಲ್ಯಾಪ್‌ಟಾಪ್ ಗೊರ್ರೆನ್ನತೊಡಗಿದಾಗ, ಅದೂ ನಮ್ಮ ಮನೆಯದೇ ಅಲ್ಲವೇ ಎಂದು ಸುಮ್ಮನಿದ್ದೆ. ಸುಮ್ಮನಿರದವರು ಪುಣೆಯ ನಮ್ಮ ಮ್ಯಾನೇಜರು. ನಾನು ಮನೆಯಲ್ಲೇ ಕೂತು ಅವರ ಕಂಪನಿಯ ವಿಮೆ ಕಾಗದಗಳನ್ನು ನೋಡುವವನು. "ಮೀಟಿಂಗಿನಲ್ಲಿ ನಿಮ್ಮ ಮಾತು ಹಿಟ್ಟಿನ ಗಿರಣಿಯೊಳಗಿಂದ ಬಂದಂತಿರುತ್ತದೆ. ಸರಿಮಾಡಿಕೊಳ್ಳಿ, ಇಲ್ಲವೇ ಪುಣೆಗೇ ಬಂದು ಆಫೀಸಿನಲ್ಲಿ ಕೂತುಕೊಳ್ಳಿ" ಎಂದುಬಿಟ್ಟರು. ಅಪ್ಪ ತೀರಿಕೊಂಡು, ಮಗ್ಗ ಮಾರಿದ ಮೇಲೂ ಅವ್ವ ಖಾಸಬಾಗ ಬಿಟ್ಟು ಕದಲಿದವಳಲ್ಲ. ನಿಜ ಹೇಳಬೇಕೆಂದರೆ, ಅವಳನ್ನು ಬಿಟ್ಟು ಹೋಗುವ ಮನಸ್ಸು ನನಗೂ ಇರಲಿಲ್ಲ.

ಸಂಗತಿ ತಿಳಿದ ಅವ್ವ ಬಾಗಿಲಲ್ಲಿ ನಿಂತು ಲ್ಯಾಪ್‌ಟಾಪಿನ ಸದ್ದಿಗೆ ಕಿವಿಗೊಟ್ಟಳು. "ಇದಕ್ಕ ಯಾವಾಗರೆ ಅಮಾಸಿ ಸೂಟಿ ಕೊಟ್ಟೀಯೇನೋ?"

"ಇದೇನ ಮಗ್ಗ ಏನವ್ವಾ?"

"ಒಳಗ ತಿರಗೂದು ಐತಿಲ್ಲೋ? ತಿರಗೂದಕ್ಕ ಧೂಳ ಹತ್ತತೈತಿ. ನಾಡದ ಅಮಾಸಿ. ಬಿಚ್ಚಿ ಝಾಡಸು."

ಅಮಾವಾಸ್ಯೆ ಎಂದರೆ ನಮ್ಮ ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚುವ ದಿನ, ಅವುಗಳ ಸೂಟಿ, ಅಂದರೆ ರಜೆ. ಅಪ್ಪ ಹಳೆಯ ಬನಿಯನ್ನಿನಲ್ಲಿ ಮಗ್ಗದ ಕೆಳಗೆ ತೂರಿ ನೂಲಿನ ಧೂಳು ತೆಗೆದು, ಎಣ್ಣೆ ಬಿಟ್ಟು, ಕಾಯಿ ಒಡೆಯುತ್ತಿದ್ದ. ಆಮೇಲೆ ರೈಲು ಹತ್ತಿ ಎಲ್ಲರೂ ಖಾನಾಪುರಕ್ಕೆ, ಅವ್ವನ ತಂಗಿ ನಮ್ಮ ಮಾವಶಿಯ ಮನೆಗೆ. ಊಟವಾದ ಮೇಲೆ ಅಲ್ಲಿ ಎಂಥ ನಿಶ್ಶಬ್ದವೆಂದರೆ, ಚಾಪೆಯ ಮೇಲೆ ಮಲಗಿದ ಅಪ್ಪ ಗಾಬರಿಯಿಂದ ಎದ್ದು ಕೂರುತ್ತಿದ್ದ. "ಏನೋ ಬಂದ್ ಬಿದ್ದಂಗ ಆತಲ್ಲ!" ಮಾವಶಿ ಮರಾಠಿ ಬೆರೆಸಿ ತನ್ನ ಭಾವನಿಗೆ ಹೇಳಿ ನಗುತ್ತಿದ್ದಳು. "ದಾಜೀ, ಇಲ್ಲಿ ನಿಮ್ಮ ಮಗ್ಗ ಇಲ್ರಿ. ಝೋಪಾ ಆತಾ, ಮಕ್ಕೋರ್ರಿ." ನಿದ್ದೆಗಣ್ಣಿನ ಅವನ ಆ ಪೆಚ್ಚು ಮುಖ ನೆನೆದರೆ ಈಗಲೂ ನಗು ಬರುತ್ತದೆ.

ಅಂತೂ ಅಮಾವಾಸ್ಯೆ ಬಂತು. ಲ್ಯಾಪ್‌ಟಾಪ್ ಆರಿಸಿ, ವೈರು ಕಿತ್ತು, ತಿರುಪುಗಳನ್ನು ಬಿಚ್ಚಿ ಬಟ್ಟಲಿಗೆ ಹಾಕಿದೆ. ಅಷ್ಟರಲ್ಲಿ ಅವ್ವ ಮಗ್ಗದ ಎಣ್ಣೆಯ ಬಾಟಲಿ ಹಿಡಿದು ಪ್ರತ್ಯಕ್ಷಳಾದಳು. ಅದನ್ನು ಅವಳ ಕೈಯಿಂದ ಬಿಡಿಸುವುದು ತಿರುಪು ಬಿಚ್ಚುವುದಕ್ಕಿಂತ ಕಷ್ಟವಾಯಿತು. ಒಳಗಿನ ಪುಟ್ಟ ಫ್ಯಾನಿಗೆ ಧೂಳು ಮೆತ್ತೆಯಾಗಿ ಕೂತಿತ್ತು. ಬ್ರಷ್ಷಿನಿಂದ ಮೆಲ್ಲಗೆ ಬಿಡಿಸಿದರೆ ಬಂದದ್ದೆಲ್ಲ ನನ್ನ ಹಾಸಿಗೆಯ ಕೌದಿಯ ನೂಲಿನ ಧೂಳು! "ಹಾಸಿಗಿ ಮ್ಯಾಲೆ ಇಟ್ಕೊಂಡ ಕುಂದರಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನಿ" ಎಂದು ಹೆಂಡತಿ ಒಂದು ಮಣೆ ತಂದು ಕುಕ್ಕಿದಳು. ತಿರುಪುಗಳನ್ನೆಲ್ಲ ಮತ್ತೆ ಬಿಗಿದ ಮೇಲೆ ಮುಚ್ಚಳಕ್ಕೆ ಅವ್ವ ಕುಂಕುಮ ಹಚ್ಚಿದಳು. ಗುಂಡಿ ಒತ್ತಿದರೆ ಸದ್ದೇ ಇಲ್ಲ. ಸತ್ತೇಹೋಯಿತೆಂದುಕೊಂಡೆ. ಆದರೆ ಪರದೆ ಬೆಳಗಿತು.

ಮ್ಯಾನೇಜರು ಖುಷಿಯಾದರು, ಪುಣೆಗೆ ಹೋಗುವ ಮಾತು ಬಿದ್ದುಹೋಯಿತು. ಕಷ್ಟಕ್ಕೆ ಬಿದ್ದದ್ದು ಅವ್ವ. ಹೊತ್ತುಹೊತ್ತಿಗೆ ಬಂದು ಇಣುಕುತ್ತಾಳೆ. "ಸಪ್ಪಳನ ಇಲ್ಲಲ್ಲೋ. ನೌಕರಿ ಐತೋ ಇಲ್ಲೋ?" ಇದೆಯೆಂದರೆ ನಂಬಿಕೆಯಿಲ್ಲ, ಗಲ್ಲಕ್ಕೆ ಕೈಯಿಟ್ಟು ಕೂರುತ್ತಾಳೆ. ನೋಡಲಾರದೆ ನಾನೊಂದು ಉಪಾಯ ಹೂಡಿದೆ. ಅವಳ ಹೆಜ್ಜೆ ಕೇಳಿದೊಡನೆ ಕೀಲಿಮಣೆಯನ್ನು ಟಕಟಕ ಕುಟ್ಟುವುದು. ಅವ್ವನ ಮುಖ ಗೆಲುವಾಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೊನ್ನೆ ಮಧ್ಯಾಹ್ನ ಕಾಗದಗಳೇ ಬಂದಿರಲಿಲ್ಲ. ಆದರೂ ಭರ್ಜರಿಯಾಗಿ ಕುಟ್ಟುತ್ತಿದ್ದೆ. ಅವ್ವ ಚಹಾದ ಕಪ್ಪು ಪಕ್ಕಕ್ಕಿಟ್ಟು ಕೇಳುತ್ತ ನಿಂತಳು.

"ನೂಲ ಸಿಗದ ದಿನ ನಿಮ್ಮಪ್ಪ ಖಾಲಿ ಮಗ್ಗ ಓಡಸತಿದ್ದ, ನನಗ ಗೊತ್ತಾಗಬಾರದಂತ."

"ಮತ್ತ ನೀ ಏನಂದಿ?"

"ಏನನ್ನೂದು? ಗೊತ್ತಿಲ್ಲದವರಂಗ ಚಹಾ ತಂದ ಕೊಡತಿದ್ದೆ. ತಗೋ, ಆರತೈತಿ."

ಅವಳು ಹೋದ ಮೇಲೆ ಪರದೆ ನೋಡಿದೆ. ಅಷ್ಟುದ್ದಕ್ಕೂ ಬರೀ 'ಕಕಕಕಕ' ಎಂದಿತ್ತು.