ಗಾದಿ ಅಂಗಡಿಯ ಮೂರನೇ ನಂಬರು

ಊರ ಮಕ್ಕಳಿಗೆಲ್ಲ ನಂಬರು ಹಂಚುತ್ತ ಹೊಟ್ಟೆ ಹೊರೆದವನಿಗೆ ಒಂದಲ್ಲ ಒಂದು ದಿನ ತನಗೂ ಒಂದು ನಂಬರು ಬೇಕೆನ್ನಿಸುತ್ತದೆ. ಮರಾಠಿ ಸೀಮೆಯ ಗಡಿಗೆ ಸೇರಿದ ಜತ್ತ ತಾಲೂಕಿನ ಕನ್ನಡ ಸಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಇವನು ಮೊದಲನೆಯವನು, ಇವಳು ಎರಡನೆಯವಳು, ಇವನು ಯಾವ ಲೆಕ್ಕಕ್ಕೂ ಇಲ್ಲದವನು ಎಂದು ವರ್ಷಾವರ್ಷ ಪಟ್ಟಿ ಬರೆದು ಬಾಗಿಲಿಗೆ ಅಂಟಿಸುತ್ತ ನನ್ನ ಕೂದಲು ಬೆಳ್ಳಗಾದವು. ನಾನು ಎಷ್ಟನೆಯವನು ಎಂದು ಮಾತ್ರ ಯಾರೂ ಹೇಳಲಿಲ್ಲ. ಒಮ್ಮೆ ತಡೆಯಲಾರದೆ ಹೆಂಡತಿ ಶಾಂತಾಳನ್ನೇ ಕೇಳಿದೆ, "ಈ ಮನ್ಯಾಗ ನನ್ನ ನಂಬರ ಎಷ್ಟು?" ಎಂದು. ಅವಳು, "ತಡೀರಿ, ಎಮ್ಮಿಗೆ ಹಿಂಡಿ ಇಟ್ಟು ಬಂದು ಹೇಳ್ತೀನಿ" ಎಂದು ಹಿತ್ತಿಲಿಗೆ ಹೋದಳು. ಮರಳಿ ಬಂದು ಹೇಳಲಿಲ್ಲ. ಎಮ್ಮೆಯ ನಂತರ ಎಂಬುದಂತೂ ಖಚಿತವಾಯಿತು.

ಈ ಹುಚ್ಚಿನಿಂದ ನಾನು ಕಳೆದುಕೊಳ್ಳಲಿದ್ದದ್ದು ಸಣ್ಣ ವಸ್ತುವೇನಲ್ಲ. ಹನ್ನೆರಡು ವರ್ಷದ ರವಿವಾರಗಳನ್ನು. ಅವು ಇದ್ದದ್ದು ಜತ್ತದ ಪೇಟೆಯಲ್ಲಿ, ದಸ್ತಗೀರಭಾಯಿಯ ಗಾದಿ ಅಂಗಡಿಯಲ್ಲಿ. ದಸ್ತಗೀರಭಾಯಿ ಹತ್ತಿ ಬಡಿದು ಗಾದಿ ಹೊಲಿಯುವವನು. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ, ಗಿರಾಕಿ ಚೌಕಾಸಿಗೆ ಇಳಿದರೆ ಮರಾಠಿ. ರವಿವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಹೋಗುತ್ತಿದ್ದೆ. ಮಾಡಗ್ಯಾಳದಿಂದ ಕುರಿ ವ್ಯಾಪಾರದ ಮಲ್ಲಪ್ಪ ಬರುತ್ತಿದ್ದ. ಆ ವಾರ ಹೊಲಿದ ಗಾದಿಯ ಮೇಲೆ ಮೂವರೂ ಕೂತು ರಮ್ಮಿ ಆಡುತ್ತಿದ್ದೆವು. ನಮ್ಮ ಮೂವರ ಭಾರ ತಡೆದ ಗಾದಿ ಮದುಮಕ್ಕಳ ಭಾರ ತಡೆದೀತು ಎಂಬುದು ದಸ್ತಗೀರಭಾಯಿಯ ಲೆಕ್ಕ. ದುಡ್ಡು ಇಟ್ಟು ಆಡುವ ಚಟ ಮೂವರಿಗೂ ಇರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ. ಆ ದಿನದ ಕೊನೆಯ ಆಟದಲ್ಲಿ ಯಾರ ಕೈಯಲ್ಲಿ ಹೆಚ್ಚು ಪಾಯಿಂಟು ಉಳಿಯುತ್ತದೋ ಅವನು ಸೋತಂತೆ, ಅವನೇ ಎದ್ದು ಬಾಗಿಲಿಗೆ ಹೋಗಿ ಎದುರಿನ ಹೋಟೆಲಿನವನಿಗೆ ಮೂರು ಬೆರಳು ತೋರಿಸಿ ತನ್ನ ದುಡ್ಡಿನಲ್ಲಿ ಚಹಾ ತರಿಸಬೇಕು.

ಬೆರಳು ತೋರಿಸುವವನು ಹೆಚ್ಚುಕಡಿಮೆ ಯಾವಾಗಲೂ ದಸ್ತಗೀರಭಾಯಿಯೇ. ಅವನ ದೋಷ ನನಗೆ ಮೊದಲ ವರ್ಷದಲ್ಲೇ ಗೊತ್ತಾಗಿತ್ತು. ಅವನು ರಾಜ ರಾಣಿಯರನ್ನು ಕೈಬಿಡುತ್ತಿರಲಿಲ್ಲ. ಕೂಡುವ ಸಂಭವವಿಲ್ಲದಿದ್ದರೂ ಎರಡು ರಾಜ, ಒಂದು ರಾಣಿಯನ್ನು ಎದೆಗವಚಿಕೊಂಡು ಕೊನೆಯವರೆಗೂ ಕೂತಿರುತ್ತಿದ್ದ. ಮಾಸ್ತರನಾದ ನಾನು ಸುಮ್ಮನಿರಲಾದೀತೇ? "ದಸ್ತಗೀರಭಾಯಿ, ದೊಡ್ಡ ಎಲಿ ಮೊದಲ ಒಗೀಬೇಕಪ್ಪ, ಎಷ್ಟು ಸಲ ಹೇಳಬೇಕು ನಿನಗ" ಎಂದು ಹನ್ನೆರಡು ವರ್ಷ ಪಾಠ ಹೇಳಿದೆ. "ಹೌದ್ರಿ ಮಾಸ್ತರ, ನನ್ನ ತಲ್ಯಾಗ ಹೊಗೂದಿಲ್ಲ ನೋಡ್ರಿ ಅದು" ಎಂದು ಅವನು ಹನ್ನೆರಡು ವರ್ಷ ತಲೆಯಾಡಿಸಿದ. ಎರಡೋ ಮೂರೋ ಸಲ ಮಾತ್ರ ಎಲೆಗಳು ತಿರುಗಿಬಿದ್ದು ನಾನು ಚಹಾ ತರಿಸಬೇಕಾಗಿ ಬಂದಿತ್ತು. ಆಗ ದಸ್ತಗೀರಭಾಯಿಯ ಮುಖ ಸಪ್ಪಗಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಗೆದ್ದವನ ಮುಖ ಯಾಕೆ ಸಪ್ಪಗಾಗಬೇಕು ಎಂದು ಗಣಿತದ ಮಾಸ್ತರನಿಗೆ ಹೊಳೆಯಲಿಲ್ಲ.

ಇಷ್ಟು ಚೆನ್ನಾಗಿ ನಡೆದಿದ್ದ ಸಂಸಾರದಲ್ಲಿ ಸೈಬರ್ ಕೆಫೆ ಬಂತು. ಜತ್ತದ ಬಸ್‌ಸ್ಟ್ಯಾಂಡಿನ ಹತ್ತಿರ ಸಂಜೀವ ಎಂಬವನು ನಾಲ್ಕು ಕಂಪ್ಯೂಟರು ಇಟ್ಟು ಅಂಗಡಿ ತೆರೆದ. ಪರೀಕ್ಷೆಯ ಫಲಿತಾಂಶ ನೋಡಲು ಹೋದ ನನಗೆ, ಅವನ ಕಂಪ್ಯೂಟರಿನಲ್ಲಿ ಹಸಿರು ಮೇಜು, ಅದರ ಮೇಲೆ ಇಸ್ಪೀಟಿನ ಎಲೆ ಕಂಡವು. "ಪೋಕರ್ ಅಂತಾರ್ರಿ ಸರ್. ನಮ್ಮ ತೀನ್ ಪತ್ತಿಗೆ ಅಣ್ಣ ಆಗಬೇಕು. ಜಗತ್ತಿನ ಮಂದಿ ಕೂಡ ಕುಂತು ಆಡಬಹುದು. ಫುಕಟ್ ಆಡೂದೂ ಐತ್ರಿ" ಎಂದ. ಫುಕಟ್ ಎಂಬ ಮಾತು ಮಾಸ್ತರರ ಕಿವಿಗೆ ಬೇಗ ಬೀಳುತ್ತದೆ. ಆದರೆ ಅಂಥ ತಾಣಗಳು ಒಂದೆರಡಲ್ಲ, ಸಂತೆಯಷ್ಟಿದ್ದವು. ಯಾವುದನ್ನು ಆರಿಸಬೇಕು?

ರವಿವಾರ ಮಲ್ಲಪ್ಪನನ್ನು ಕೇಳಿದೆ. ಅವನಿಗೆ ಕಂಪ್ಯೂಟರು ಗೊತ್ತಿಲ್ಲ, ಸಂತೆ ಗೊತ್ತು. "ಕುರಿ ಆಮ್ಯಾಲ ನೋಡ್ರಿ ಮಾಸ್ತರ, ಮೊದಲ ಮಾರಾಂವನ ಮಾರಿ ನೋಡ್ರಿ" ಎಂದ. ಸರಿ ಎಂದು ಮುಖ ನೋಡುತ್ತ ಹೋದೆ. ಮೊದಲನೆಯ ತಾಣದಲ್ಲಿ ಕಪ್ಪು ಕನ್ನಡಕದವನೊಬ್ಬ ನನ್ನನ್ನೇ ದಿಟ್ಟಿಸುತ್ತಿದ್ದ. ಅವನ ಕೈಯಿಂದ ಕುರಿಯಲ್ಲ, ಕುರಿಯ ಹಿಕ್ಕೆಯನ್ನೂ ಕೊಳ್ಳಬಾರದು ಎನ್ನಿಸಿತು. ಎರಡನೆಯದರಲ್ಲಿ ಬಟ್ಟೆಯ ಅಭಾವವಿದ್ದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಹಿಂದೆ ತಿರುಗಿ ನೋಡಿದರೆ ಬಾಗಿಲಲ್ಲಿ ನಮ್ಮ ಹೆಡ್‌ಮಾಸ್ತರರು. ಕರೆಂಟು ಸಮಯಕ್ಕೆ ಸರಿಯಾಗಿ ಹೋಗಿದ್ದರಿಂದ ನನ್ನ ನೌಕರಿ ಉಳಿಯಿತು. ಮೂರನೆಯದರಲ್ಲಿ ಮುಖವೇ ಇರಲಿಲ್ಲ, ಬರೀ ಮೇಜು. ಬ್ಯಾಂಕಿನ ಕಾರ್ಡೂ ಕೇಳಲಿಲ್ಲ. ಆದರೂ ಪರೀಕ್ಷೆ ಮಾಡದೆ ಒಪ್ಪಬಾರದೆಂದು ಆ ಕಂಪನಿಗೆ ಒಂದು ಪತ್ರ ಬರೆದೆ. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿ ಏನೆಂದರೆ, ಎಂಬ ಧಾಟಿಯ ಇಂಗ್ಲಿಷಿನಲ್ಲಿ. ಎರಡನೇ ದಿನ ಉತ್ತರ ಬಂತು, ಅದೂ ನನ್ನ ಹೆಸರಿನ ಹಿಂದೆ ಪ್ರಿಯ ಎಂದು ಸೇರಿಸಿ. ಜೀವಮಾನದಲ್ಲಿ ನಾನು ಬರೆದ ಅರ್ಜಿಗಳಲ್ಲಿ ತಗಾದೆಯಿಲ್ಲದೆ ಉತ್ತರ ಬಂದದ್ದು ಅದೊಂದಕ್ಕೇ. ಪ್ರಿಯ ಎಂದು ಮದುವೆಯಾದ ಹೊಸತರಲ್ಲಿ ಶಾಂತಾ ಕೂಡ ಬರೆದಿರಲಿಲ್ಲ. ಅಲ್ಲೇ ಹೆಸರು ಹಚ್ಚಿದೆ.

ಆಟದಲ್ಲಿ ನಾನು ದೊಡ್ಡದೇನನ್ನೂ ಸಾಧಿಸಲಿಲ್ಲ. ಪೋಕರಿನಲ್ಲಿ ಕೈಯಲ್ಲಿ ಏನೂ ಇಲ್ಲದಿದ್ದಾಗ ಬಹಳ ಇದೆ ಎಂಬಂತೆ ಇರಬೇಕು. ಅದು ನನಗೆ ಬರುತ್ತಿರಲಿಲ್ಲ, ಪಗಾರದ ಮಾಸ್ತರನಿಗೆ ಆ ರೂಢಿ ಇರುವುದಿಲ್ಲ. ಆದರೆ ಆ ತಾಣದಲ್ಲಿ ಪಂದ್ಯಗಳಾಗುತ್ತಿದ್ದವು, ಆಡಿದವರೆಲ್ಲರಿಗೂ ಒಂದು ರ‍್ಯಾಂಕು ಇರುತ್ತಿತ್ತು, ಆ ರ‍್ಯಾಂಕನ್ನು ತೆಗೆಯುವ ಸೂತ್ರವನ್ನು ಅವರು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದರು. ಅದನ್ನು ಓದಿ ನನ್ನ ಕಣ್ಣು ತುಂಬಿ ಬಂತು. ಪಂದ್ಯದಲ್ಲಿ ಎಷ್ಟು ಜನ ಆಡಿದರೋ ಆ ಸಂಖ್ಯೆಯ ವರ್ಗಮೂಲ ತೆಗೆಯಬೇಕು, ನೀವು ಎಷ್ಟನೆಯವರಾದಿರೋ ಅದರಿಂದ ಭಾಗಿಸಬೇಕು. ವರ್ಗಮೂಲ! ಸರ್, ಇದನ್ನ ಕಲಿತು ಮುಂದ ಏನ್ ಮಾಡೂದ್ರಿ ಎಂದು ಪ್ರತಿವರ್ಷ ಒಂದಾದರೂ ಹುಡುಗ ಕೇಳುತ್ತಿದ್ದ. ಪ್ರತಿವರ್ಷ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಯಾಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಈಗ ಸಿಕ್ಕಿತು. ಅದರ ಮೇಲೆ ಇನ್ನೊಂದು ಜಾಣತನ. ಹಳೆಯ ಗೆಲುವಿನ ಬೆಲೆ ದಿನ ಕಳೆದಂತೆ ಇಳಿಯುತ್ತ ಹೋಗುತ್ತದೆ. ಹೋದ ವರ್ಷದ ಪರಾಕ್ರಮದ ಮೇಲೆ ಈ ವರ್ಷ ಮೀಸೆ ತಿರುವುವಂತಿಲ್ಲ. ನನ್ನ ರ‍್ಯಾಂಕು ಸಾವಿರಾರು ಜನರ ಕೆಳಗೆ ಎಲ್ಲೋ ಇತ್ತು, ಅದಕ್ಕೆ ಬೇಸರವಾಗಲಿಲ್ಲ. ಜಗತ್ತು ನನ್ನನ್ನು ಎಣಿಸಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸೂತ್ರ ಸಿಕ್ಕ ಮಾಸ್ತರ, ಕೊಡಲಿ ಸಿಕ್ಕ ಕೋಡಗ ಎರಡೂ ಒಂದೇ. ಆರು ತಿಂಗಳ ರವಿವಾರಗಳ ಫಲಿತಾಂಶವನ್ನು ಗುಟ್ಟಾಗಿ ವಹಿಯಲ್ಲಿ ಬರೆದೆ. ಮೂರರ ವರ್ಗಮೂಲ ಒಂದು ಪಾಯಿಂಟು ಏಳು ಮೂರು ಎರಡು. ಮೂವರಿಗೂ ಅದರಿಂದಲೇ ಗುಣಿಸಿದರೆ ಯಾರಿಗೂ ವ್ಯತ್ಯಾಸವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಶಾಸ್ತ್ರ ಬಿಡಬಾರದೆಂದು ಗುಣಿಸಿದೆ. ಚೊಕ್ಕ ಅಕ್ಷರದಲ್ಲಿ ಪಟ್ಟಿ ಬರೆದು, ಒಂದು ರವಿವಾರ ಗಾದಿ ಅಂಗಡಿಯ ಗೋಡೆಗೆ ನಾನೇ ಅಂಟಿಸಿದೆ. ಒಂದನೇ ನಂಬರು ನಾನು. ಎರಡನೇ ನಂಬರು ಮಲ್ಲಪ್ಪ. ಮೂರನೇ ನಂಬರು ದಸ್ತಗೀರಭಾಯಿ. ಮಲ್ಲಪ್ಪ ಅದನ್ನು ನೋಡಿ ರುಮಾಲಿನಿಂದ ಬಾಯಿ ಒರೆಸಿಕೊಂಡ. ದಸ್ತಗೀರಭಾಯಿ, "ಅಕ್ಷರ ಮುತ್ತಿನಂಗ ಅದಾವ್ರಿ ಮಾಸ್ತರ" ಎಂದು ಮೂರು ಬೆರಳು ತೋರಿಸಲು ಬಾಗಿಲಿಗೆ ಎದ್ದುಹೋದ.

ಮುಂದಿನ ರವಿವಾರ ನಾನು ಹೋದಾಗ ಅವನು ನಗುನಗುತ್ತಲೇ ಒಂದು ಸುದ್ದಿ ಹೇಳಿದ. ಸನಮಡಿಯಿಂದ ಮದುವೆಗೆ ಗಾದಿ ಹೇಳಲು ಹಿರಿಯರೊಬ್ಬರು ಬಂದಿದ್ದರಂತೆ. ಗೋಡೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ಬಹಳ ವಿನಯದಿಂದ, "ಹಂಗಲ್ರಿ ಭಾಯ್, ನಮ್ಮ ಹುಡಗಿ ಲಗ್ನ ಐತಿ. ತಪ್ಪ ತಿಳೀಬ್ಯಾಡ್ರಿ, ಒಂದನೇ ನಂಬರಿನವ್ರ ಅಂಗಡಿ ಎಲ್ಲಿ ಬರ್ತೈತ್ರಿ?" ಎಂದು ಕೇಳಿದರಂತೆ.

ನಾನು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ, "ಹರದ ಒಗಿಬೇಕಿಲ್ಲೋ ಅದನ್ನ?" ಎಂದೆ.

"ಛೆ, ನೀವು ಹಚ್ಚಿದ್ದನ್ನ ನಾ ಹ್ಯಾಂಗ ಹರೀಲ್ರಿ?" ಎಂದ. ಎಲೆ ಕಲಸುತ್ತ ಕೇಳಿದ, "ಮಾಸ್ತರ, ಈ ನಂಬರ ಮುಂದ ಬದಲ ಆಗ್ತಾವೇನ್ರಿ?"

"ಆಗ್ತಾವು. ಅದs ಇದರ ಹೆಚ್ಚುಗಾರಿಕಿ. ಹಳೇ ಆಟದ ಬೆಲಿ ಇಳಕೋತ ಹೋಗ್ತೈತಿ" ಎಂದು ನಾನು ಹಳಸಿದ ಗೆಲುವಿನ ಸಿದ್ಧಾಂತವನ್ನು ವಿವರಿಸಿದೆ.

"ಹಂಗಾದ್ರ ಚಲೋ ಆತು" ಎಂದು ಅವನು ಎಲೆ ಹಂಚಿದ.

ಅಂದು ಅವನು ರಾಜನನ್ನು ಮೊದಲನೇ ಸುತ್ತಿನಲ್ಲೇ ಒಗೆದ. ಎರಡನೇ ಸುತ್ತಿನಲ್ಲಿ ರಾಣಿ. ನನ್ನ ಪಾಠ ಕೊನೆಗೂ ತಲೆಗೆ ಹೊಕ್ಕಿತಲ್ಲ ಎಂದು ನಾನು ಹಿಗ್ಗುವಷ್ಟರಲ್ಲಿ ಎಲೆಗಳನ್ನೆಲ್ಲ ಕೂಡಿಸಿಟ್ಟು ಶೋ ಮಾಡಿ ಗೆದ್ದೇಬಿಟ್ಟ. ನನ್ನ ಕೈಯಲ್ಲಿ ಹದಿಮೂರೂ ಎಲೆ ಅನಾಥವಾಗಿದ್ದವು. ಬಾಗಿಲಿಗೆ ಹೋಗಿ ನಾನೇ ಬೆರಳು ತೋರಿಸಿದೆ. ಹೋಟೆಲಿನವನು ನಂಬದೆ, ದಸ್ತಗೀರಭಾಯಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೂಗಿ ಕೇಳಿದ. ಮರುವಾರವೂ ಹಾಗೆಯೇ ಆಯಿತು, ಅದರ ಮರುವಾರವೂ. ನಾನು ಯಾವ ಎಲೆಗೆ ಕಾಯುತ್ತಿದ್ದೇನೆಂಬುದು ನನಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಸೋತದ್ದಕ್ಕೆ ನನಗೆ ಅಷ್ಟು ದುಃಖವಾಗಲಿಲ್ಲ. ಆದರೆ ಗೆಲ್ಲುವುದಕ್ಕೆ ಕೂತ ದಸ್ತಗೀರಭಾಯಿ ಮಾತಾಡುತ್ತಿರಲಿಲ್ಲ. ಮೊದಲು ಎಲೆ ಒಗೆಯುತ್ತ ಅವನು ಹೇಳುತ್ತಿದ್ದ ಗಿರಾಕಿಗಳ ಕತೆ, ಬೀಗರ ಜಗಳ, ಹತ್ತಿಯಲ್ಲಿ ಸಿಕ್ಕ ಸಾಮಾನುಗಳ ಸುದ್ದಿ ಎಲ್ಲವೂ ನಿಂತುಹೋದವು. ನಾನು ತರಿಸಿದ ಚಹಾವನ್ನು ತನ್ನ ಅಂಗಡಿಯಲ್ಲೇ ಪರಕೀಯನ ಹಾಗೆ ಮುಂದಿಟ್ಟುಕೊಂಡು ಕೂಡುತ್ತಿದ್ದ, ಅದರ ಮೇಲೆ ಕೆನೆ ಕಟ್ಟುತ್ತಿತ್ತು. ನಾಲ್ಕನೇ ವಾರ ನಾನು ತಲೆನೋವೆಂದು ಮನೆಯಲ್ಲುಳಿದೆ. ರವಿವಾರ ಮಧ್ಯಾಹ್ನ ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎರಡು ಸಲ ಎಮ್ಮೆಗೆ ನೀರು ಕುಡಿಸಿದ್ದನ್ನು ನೋಡಿ ಶಾಂತಾ, "ಅದಕ್ಕ ನೀರಡಿಕಿ ಇಲ್ಲ, ನಿಮಗ ಏನಾಗೈತಿ ಹೇಳ್ರಿ" ಎಂದಳು.

ಆ ವಾರವೇ ಸಂತೆಗೆ ಬಂದ ಮಲ್ಲಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ದಸ್ತಗೀರಭಾಯಿ ಒಮ್ಮೆಲೇ ಇಷ್ಟು ಚೆನ್ನಾಗಿ ಆಡಲು ಹೇಗೆ ಕಲಿತ ಎಂದು ಕೇಳಿದೆ. ಮಲ್ಲಪ್ಪ ನನ್ನನ್ನು ಕುರಿ ನೋಡಿದ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದ.

"ಮಾಸ್ತರ, ನಿಮಗ ಖರೇನ ಗೊತ್ತಿಲ್ಲೇನು? ಅಂವ ಮೊದಲಿಂದ ಹಂಗs ಆಡ್ತಾನ. ಅವನಪ್ಪ ಇದ್ದಾಗಿಂದ ನೋಡೀನಿ ನಾ. ಅಂಗಡಿ ಅವಂದು, ಕುಂತಾವ್ರು ನಾವು. ತನ್ನ ಗಾದಿ ಮ್ಯಾಲ ಕುಂತಾವ ಕಿಸೇದಾಗ ಕೈ ಹಾಕಿ ಚಹಾ ತರಸಿದ್ರ ಅವನಿಗೆ ಊಟ ಸೇರೂದಿಲ್ಲ. ಅದಕ್ಕs ಸೋಲ್ತಿದ್ದ. ರೊಕ್ಕ ತಾನs ಕೊಡ್ತೀನಿ ಅಂದ್ರ ನೀವು ಕಟ್ಟಳಿ ಮುರೀಬಾರ್ದು ಅಂತೀರಿ, ಮಾಸ್ತರ ಮಂದಿ."

ನಾನು ಕೇಳಿದೆ, "ಹಂಗಾದ್ರ ನೀ ಎರಡನೇ ನಂಬರ..."

"ನಾನೂ ಸೋಲಾಕ ನೋಡ್ತಿದ್ದೆರಿ. ಪಾಪ, ಅಂವನs ಎಷ್ಟಂತ ಕುಡಸ್ಯಾನು ಅಂತ. ಆದ್ರ ದಸ್ತಗೀರನಷ್ಟು ಚಲೋ ಸೋಲಾಕ ನನಗ ಬರೂದಿಲ್ಲ."

ಬಸ್ಸು ಬಂತು, ಅವನು ಹತ್ತಿ ಹೋದ. ನಾನು ಅಲ್ಲೇ ನಿಂತು ಲೆಕ್ಕ ಮಾಡಿದೆ. ಹನ್ನೆರಡು ವರ್ಷ ಆ ಗಾದಿಯ ಮೇಲೆ ಗೆಲ್ಲಲು ಆಡಿದವನು ನಾನೊಬ್ಬನೇ. ಒಬ್ಬನೇ ಓಡಿದ ಓಟದಲ್ಲಿ ಮೊದಲನೆಯವನಾಗಿ, ಅದಕ್ಕೆ ವರ್ಗಮೂಲ ತೆಗೆದು, ಗೋಡೆಗೆ ಅಂಟಿಸಿದ್ದೆ. ಒಬ್ಬ ಮನುಷ್ಯ ಮುಚ್ಚಿಟ್ಟು ನಡೆಸಿಕೊಂಡು ಬಂದ ಮರ್ಯಾದೆಯನ್ನು ಅವನ ಅಂಗಡಿಯ ಗಿರಾಕಿಗಳೆದುರು ದಡ್ಡತನವೆಂದು ಬರೆದು ಹಾಕಿದ್ದೆ. ನಾಚಿಕೆಯಿಂದ ನನಗೆ ಮನೆಯ ದಾರಿ ತಿಳಿಯಲಿಲ್ಲ.

ರವಿವಾರ ಹೊತ್ತಿಗೆ ಮುಂಚೆಯೇ ಅಂಗಡಿಗೆ ಹೋದೆ. ಕ್ಷಮಿಸೆಂದು ಕೇಳಿದರೆ ಅವನ ಗುಟ್ಟು ನನಗೆ ಗೊತ್ತಾಯಿತೆಂದು ಅವನಿಗೆ ಗೊತ್ತಾಗುತ್ತದೆ, ಅದು ಇನ್ನೊಂದು ಅವಮಾನ. ಅದಕ್ಕೆ ಮಾತಿಲ್ಲದೆ ಗೋಡೆಯ ಪಟ್ಟಿಯನ್ನು ಕಿತ್ತೆ. "ಯಾಕ್ರಿ?" ಎಂದ ದಸ್ತಗೀರಭಾಯಿ. "ಲೆಕ್ಕ ತಪ್ಪೈತಿ" ಎಂದೆ. ಸುಳ್ಳೇನಲ್ಲ. ಅವನು ಪಟ್ಟಿಯಿಲ್ಲದ ಗೋಡೆಯನ್ನು ಒಮ್ಮೆ ನೋಡಿ, ಬೀಗರ ಸುದ್ದಿ ಶುರುಮಾಡಿದ. ಆಡುತ್ತ ಆಡುತ್ತ ಕೊನೆಯ ಆಟ ಬಂತು. ಈ ಸಲ ನಾನೇ ಸೋಲಬೇಕು, ಹನ್ನೆರಡು ವರ್ಷದ ಋಣದಲ್ಲಿ ಒಂದು ಸುತ್ತು ಚಹಾವನ್ನಾದರೂ ಮನಃಪೂರ್ವಕವಾಗಿ ಕುಡಿಸಬೇಕು ಎಂದು ನಿಶ್ಚಯ ಮಾಡಿದ್ದೆ. ರಾಜ ರಾಣಿಯರನ್ನು ಎದೆಗವಚಿಕೊಂಡೆ. ಆ ಕಡೆ ನೋಡಿದರೆ ದಸ್ತಗೀರಭಾಯಿಯೂ ಅವಚಿಕೊಂಡಿದ್ದಾನೆ. ಮಲ್ಲಪ್ಪ ಜೋಕರನ್ನೇ ಒಗೆದ. ಮೂವರು ಸೋಲಲು ಪಣತೊಟ್ಟ ಆಟ ಮುಗಿಯುವುದು ಹೇಗೆ? ಎಲೆಗಟ್ಟು ಎರಡು ಸಲ ಮುಗಿದು ಎರಡು ಸಲ ಕಲಸಿದೆವು.

ಆಗ ನನ್ನ ಕೈಗೆ ಕಳಾವರದ ರಾಜ ಬಂತು. ಬೇಡಬೇಡವೆಂದರೂ ಕೂಡಿಹಾಕಿದ ರಾಜರು ಮೂವರಾದರು, ರಾಣಿಯರು ಮೂವರಿದ್ದರು, ಉಳಿದವು ತಾವಾಗಿ ಸಾಲುಗಟ್ಟಿ ಕೂತಿದ್ದವು. ಸುಮ್ಮನೆ ಒಂದು ರಾಜನನ್ನು ಒಗೆದಿದ್ದರೆ ಮುಗಿಯುತ್ತಿತ್ತು. ಒಗೆಯಬೇಕೆಂದೇ ಇದ್ದೆ. ಬಾಯಿ ಕೇಳಬೇಕಲ್ಲ? "ಶೋ" ಎಂದಿತು.

ದಸ್ತಗೀರಭಾಯಿಯ ಮುಖ ಅರಳಿತು. "ಗೆದ್ರಿ ಬಿಡ್ರಿ ಮಾಸ್ತರ" ಎನ್ನುತ್ತ, ಒಂದು ತಿಂಗಳಿಂದ ಕಳೆದದ್ದು ಮರಳಿ ಸಿಕ್ಕವನ ಹಾಗೆ ಬಾಗಿಲಿಗೆ ಹೋಗಿ ಮೂರು ಬೆರಳು ಎತ್ತಿ ತೋರಿಸಿದ. ಬಿಸಿ ಚಹಾ ಬಂತು. ಸೋಲುವ ವಿದ್ಯೆ ಒಂದೇ ದಿನಕ್ಕೆ ಬರುವಂಥದ್ದಲ್ಲ, ನನಗೆ ಬರುವಂಥದ್ದೂ ಅಲ್ಲ ಎಂದು ತಿಳಿದು ಕುಡಿದೆ.

ಆ ಪಟ್ಟಿಯನ್ನು ಹರಿದು ಹಾಕಿದೆ ಎಂದು ಬರೆದರೆ ಈ ಪ್ರಬಂಧಕ್ಕೆ ಶೋಭೆ. ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಮನೆಗೆ ತಂದು ಟ್ರಂಕಿನ ತಳದಲ್ಲಿಟ್ಟಿದ್ದೇನೆ. ಲೆಕ್ಕ ತಪ್ಪಿದ್ದರೇನಾಯಿತು, ನನಗೆ ಒಂದನೇ ನಂಬರು ಬಂದದ್ದು ಅದೊಂದು ಸಲವೇ.