ಐಂಡ್‌ಹೋವನ್ನಿನಲ್ಲಿ ನಾನು ವೈನ್ ಪಂಡಿತೆಯಾದದ್ದು

ಕೆಲವರು ಕಷ್ಟಪಟ್ಟು ಓದಿ ಪಂಡಿತರಾಗುತ್ತಾರೆ. ನನಗೆ ಪಾಂಡಿತ್ಯ ತಾನಾಗಿಯೇ ಬಂದು ಮೈಮೇಲೆ ಬೀಳುತ್ತದೆ, ಬೇಡವೆಂದರೂ ಬಿಡುವುದಿಲ್ಲ.

ನಾನು ನೆದರ್ಲೆಂಡ್ಸಿನ ಈ ಊರಿನ ಕಂಪ್ಯೂಟರ್ ಚಿಪ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಎಂಜಿನಿಯರ್. ತಿಂಗಳಿಗೊಮ್ಮೆ ನಮ್ಮ ಟೀಮು ಸೈಕಲ್ ಹತ್ತಿ ಸ್ಪ್ಯಾನಿಷ್ ತಾಪಾಸ್ ಬಾರಿಗೆ ಹೋಗುತ್ತದೆ. ತಾಪಾಸ್ ಅಂದರೆ ಅಂಗೈಯಗಲದ ತಟ್ಟೆಗಳಲ್ಲಿ ನಾಲ್ಕಾರು ತುತ್ತು, ಜೊತೆಗೆ ವೈನು. ವೈನ್ ಆರಿಸುವ ಹಕ್ಕು ನಮ್ಮ ಟೀಮಿನ ಡಚ್ ಹಿರಿಯನದು. ನಾನೇ ಮಾಡಿದ ಟೆಸ್ಟಿನ ಅರ್ಥವನ್ನು ಮೀಟಿಂಗಿನಲ್ಲಿ ನನಗೇ ತಿಳಿಸಿಹೇಳುವ ಮಹಾನುಭಾವ ಆತ. ಮನಸ್ಸಿನಲ್ಲೇ ಅವನಿಗೆ ‘ಪಂಡಿತ’ ಎಂದು ಹೆಸರಿಟ್ಟಿದ್ದೆ. ಒಂದೇ ಒಂದು ಸಲ ಇವನು ನನ್ನೆದುರು ಬಾಯಿ ಮುಚ್ಚಿ ಕೂರಬೇಕು, ಅದೊಂದೇ ನನ್ನ ಆಸೆ.

ಬೇಡ ಅಂದದ್ದು

ಮೊದಲ ಸಂಜೆ. ಬಾರಿನ ಒಡತಿ ಸ್ಪೇನಿನವಳು, ಗಟ್ಟಿ ಹೆಂಗಸು. ಹೊಸಬಳೆಂದು ನನ್ನ ಗ್ಲಾಸಿಗೇ ಮೊದಲು ಒಂದು ಗುಟುಕು ಸುರಿದು ಪಕ್ಕದಲ್ಲೇ ನಿಂತಳು. ರುಚಿ ನೋಡಿ ಒಪ್ಪಿಗೆ ಕೊಡಲಿ ಎಂದು ಹಾಗೆ ನಿಲ್ಲುತ್ತಾರಂತೆ. ನನಗೇನು ಗೊತ್ತು? ನಮ್ಮಲ್ಲಿ ಬಡಿಸಲು ಬಂದವರಿಗೆ ಮೊದಲು ‘ಬೇಡ’ ಅನ್ನಬೇಕು. ಅವರು ‘ಅಯ್ಯೋ, ಇಷ್ಟೇ ಇಷ್ಟು’ ಅನ್ನಬೇಕು. ಇನ್ನೊಮ್ಮೆ ‘ಬೇಡವೇ ಬೇಡ’ ಅಂದ ಮೇಲೆ ಹೊಟ್ಟೆ ಬಿರಿಯುವಂತೆ ತಿನ್ನಬೇಕು. ಆ ಸಂಕೋಚದಲ್ಲೇ ಗುಟುಕು ಕುಡಿದು, ಗ್ಲಾಸಿಗೆ ಕೈ ಅಡ್ಡ ಹಿಡಿದು ತಲೆಯಲ್ಲಾಡಿಸಿದೆ.

ಒಡತಿಯ ಮುಖ ಬಿಳಿಚಿಕೊಂಡಿತು. ತಾನೂ ಒಂದು ಗುಟುಕು ಕುಡಿದಳು. “ಹೌದು, ಕೆಟ್ಟಿದೆ! ಬಿರಡೆಯ ವಾಸನೆ ಹತ್ತಿದೆ. ಕ್ಷಮಿಸಿ ಮೇಡಂ!”

“ಆ ಬಾಟಲಿ ಆರಿಸಿದ್ದು ನಾನು. ಬಿರಡೆ ತೆಗೆದಾಗ ನಾನೇ ಮೂಸಿ ನೋಡಿದ್ದೆ,” ಅಂದ ಪಂಡಿತ.

ಪಾಪ ಅನಿಸಿತು. “ಇರಲಿ ಬಿಡಿ, ಎಲ್ಲರಿಗೂ ಗೊತ್ತಾಗುವುದಿಲ್ಲ,” ಎಂದು ಸಮಾಧಾನ ಹೇಳಿದೆ.

ಮೂಗಿನ ಪರೀಕ್ಷೆ

ಅಂದಿನಿಂದ ಪಂಡಿತ ನನ್ನ ಬಣ್ಣ ಬಯಲು ಮಾಡಲು ಹೊಂಚುಹಾಕಿದ. ಮುಂದಿನ ತಿಂಗಳು ಶೆರಿ ಎಂಬ ವೈನ್ ತರಿಸಿ, ಕಣ್ಣು ಮುಚ್ಚಿ ಮೂಸಿದ. “ಸಮುದ್ರ... ಬಾದಾಮಿ... ಹಳೆಯ ಪುಸ್ತಕಾಲಯ... ನಿನಗೇನು ಅನಿಸುತ್ತದೆ?”

ನಾನೂ ಮೂಸಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ರುಬ್ಬಿಟ್ಟ ಹಿಟ್ಟು ಹುದುಗಿದ ಮೇಲೆ ಮುಚ್ಚಳ ತೆಗೆದ ಹಾಗಿದೆ.”

ಒಡತಿ ಚಪ್ಪಾಳೆ ತಟ್ಟಿದಳು. “ಅದೇ! ಪೀಪಾಯಿಯಲ್ಲಿ ಈ ವೈನಿನ ಮೇಲೆ ಹುದುಗು ಕೆನೆಕಟ್ಟುತ್ತದೆ. ಅದರದ್ದೇ ವಾಸನೆ.” ಆಮೇಲೆ ಪಂಡಿತನ ಕಡೆ ತಿರುಗಿ, “ಪುಸ್ತಕಾಲಯ ಎಲ್ಲಿಂದ ಬಂತು?” ಅಂದಳು.

ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಇಡ್ಲಿ ಹಿಟ್ಟಿನ ಡಬ್ಬಿ ತೆಗೆದು ಮೂಸಿ, “ಹಂಗಾರ ಇಷ್ಟು ದಿನಾ ನಾವು ದುಬಾರಿ ವೈನಿನ್ಯಾಗ ಇಡ್ಲಿ ಮಾಡೇವಿ ಅನ್ನು!” ಅಂದರು.

ಮೆಣಸಿನಕಾಯಿ

ಇನ್ನೊಮ್ಮೆ ಹುರಿದು ಉಪ್ಪುದುರಿಸಿದ ಪುಟ್ಟ ಮೆಣಸಿನಕಾಯಿಗಳ ತಟ್ಟೆ ಬಂತು. “ಹುಷಾರು, ಇದರಲ್ಲಿ ಯಾವುದೋ ಒಂದು ಮಾತ್ರ ಬೆಂಕಿ,” ಎಂದು ಪಂಡಿತ ಹೆದರಿಸಿದ. ನಾನು ವಿಜಯಪುರದವಳು, ರೊಟ್ಟಿ ಜೊತೆ ಹಸಿಮೆಣಸಿನಕಾಯಿ ಕಡಿದು ಬೆಳೆದವಳು. ಆ ಬೆಂಕಿ ನನಗೇ ಸಿಗಲಿ ಎಂದು ಒಂದೊಂದಾಗಿ ತಿನ್ನುತ್ತ ಹೋದೆ. ಎಲ್ಲವೂ ಸಪ್ಪೆ. ತಟ್ಟೆಯ ತಳ ಕಾಣುವ ಹೊತ್ತಿಗೆ ಪಂಡಿತನೂ ಧೈರ್ಯ ಮಾಡಿ ಒಂದನ್ನು ಬಾಯಿಗೆ ಹಾಕಿದ. ಮುಖ ಕೆಂಪಾಯಿತು, ಕಣ್ಣಲ್ಲಿ ಧಾರಾಕಾರ ನೀರು, ಬಿಕ್ಕಳಿಕೆ. ಎಲ್ಲರೂ ನೀರು ತರಲು ಓಡಿದರು.

ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಇಡೀ ತಟ್ಟೆಯಲ್ಲಿ ತಿನ್ನುವಂಥದ್ದು ಅದೊಂದೇ ಇತ್ತು, ಅದೂ ರುಚಿ ಗೊತ್ತಿಲ್ಲದವನ ಪಾಲಾಯಿತು.

ಗಾಜಿನ ಗಿಂಡಿ

ಕೊನೆಗೆ ಪಂಡಿತ ಪಂಥ ಕಟ್ಟಿದ. ಬಾರಿನಲ್ಲಿ ಒಂದು ಗಾಜಿನ ಪಾತ್ರೆಯಿದೆ, ಥೇಟ್ ನಮ್ಮ ಗಿಂಡಿ, ಚೂಪು ಮೂತಿಯದು. ಅದರಲ್ಲಿ ವೈನ್ ತುಂಬಿ, ಎತ್ತಿ ಹಿಡಿದು, ತುಟಿ ತಾಗಿಸದೆ ಧಾರೆಯನ್ನು ಬಾಯಿಗೆ ಬಿಟ್ಟುಕೊಳ್ಳಬೇಕು. ಹನಿ ಚೆಲ್ಲದೆ ಕುಡಿದವರ ಫೋಟೋ ಗೋಡೆಗೆ ಏರುತ್ತದೆ. ಗೋಡೆಯಲ್ಲಿದ್ದವರೆಲ್ಲ ಸ್ಪೇನಿನವರೇ.

“ಗೆದ್ದವರು ಇನ್ನು ಮುಂದೆ ಟೀಮಿಗೆ ವೈನ್ ಆರಿಸಬೇಕು. ಸೋತವರು ವೈನಿನ ಬಗ್ಗೆ ಚಕಾರ ಎತ್ತಬಾರದು. ಒಪ್ಪಿಗೆಯೇ?” ಅಂದ.

“ಒಪ್ಪಿಗೆ,” ಅಂದೆ.

ಅವನೇ ಮೊದಲು ಎತ್ತಿದ. ಎರಡು ಗುಟುಕು ಸರಿಯಾಗಿಯೇ ಹೋಯಿತು. ನುಂಗಲೆಂದು ಬಾಯಿ ಮುಚ್ಚಿದ, ಧಾರೆ ಮುಚ್ಚಲಿಲ್ಲ. ಮೂಗು, ಗಡ್ಡ, ಬಿಳಿ ಅಂಗಿ ಎಲ್ಲ ಕೆಂಪಾದವು.

ನನ್ನ ಸರದಿ. ಗಿಂಡಿ ಎತ್ತಿದೆ, ಕತ್ತು ಹಿಂದಕ್ಕೆ ಬಾಗಿಸಿದೆ, ಗಟಗಟ ನುಂಗುತ್ತಲೇ ಕೈ ಇನ್ನಷ್ಟು ಮೇಲಕ್ಕೆ ಒಯ್ದೆ. ಖಾಲಿ ಮಾಡಿ ಕೆಳಗಿಟ್ಟಾಗ ಗಲ್ಲದ ಮೇಲೆ ಒಂದು ಹನಿಯಿರಲಿಲ್ಲ. ಬಾರಿಗೆ ಬಾರೇ ಎದ್ದು ಕೇಕೆ ಹಾಕಿತು. ಒಡತಿ ನನ್ನನ್ನು ತಬ್ಬಿಕೊಂಡು ಫೋಟೋ ತೆಗೆದಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಪಂಡಿತ ಅಂಗಿ ಹಿಂಡಿಕೊಳ್ಳುತ್ತ, “ಯಾರು ಕಲಿಸಿದ್ದು?” ಅಂದ.

“ನಮ್ಮಜ್ಜಿ.”

ಸುಳ್ಳಲ್ಲ. ತಂಬಿಗೆಗೆ ತುಟಿ ಹತ್ತಿದರೆ ಎಂಜಲಾಯಿತೆಂದು ಬೆನ್ನಿಗೆ ಗುದ್ದಿ ಕಲಿಸಿದ ವಿದ್ಯೆ ಅದು. ಹೆಂಡದಂಗಡಿ ಇದ್ದ ಓಣಿಯನ್ನು ಜನ್ಮದಲ್ಲೇ ತುಳಿಯದ ಮುದುಕಿ.

“ನಿಮ್ಮ ಅಜ್ಜಿ ವೈನ್ ತಜ್ಞೆಯೇ?” ಅಂದ, ತನ್ನ ಗ್ಲಾಸು ಎತ್ತಿಕೊಳ್ಳುತ್ತ, ಭಕ್ತಿಯಿಂದ.

“ಅದನ್ನೇನು ಕೇಳುತ್ತೀರಿ! ಅವಳೆದುರು ಪಾತ್ರೆಗೆ ಬಾಯಿ ಹಚ್ಚಿ ಕುಡಿಯುವ ಧೈರ್ಯ ಊರಿನಲ್ಲೇ ಯಾರಿಗೂ ಇರಲಿಲ್ಲ.”

ಪಂಡಿತ ತುಟಿಗೆ ಹಚ್ಚಿದ್ದ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟು, ಬಾಯಿ ಮುಚ್ಚಿ ಕೂತ.